ಧರೆಯ ಹಂಸಪಾದಿ: ಜರೀಗಿಡವನ್ನು ಬೀಜಾಣುವಿನಿಂದ ಬೆಳೆಸುವ ಬಗೆ

ಮೂಡಿಗೆರೆ ಕಡೆ ಮನೆ ಕಟ್ಟಬೇಕೆಂದರೆ ಮೊದಲು ಗುಡ್ಡ ಕಡಿಯಬೇಕು. ಹಾಗೆ ಕಡಿದಾಗ ಉಳಿಯುವ ಮಣ್ಣಿನ ಗೋಡೆಯೇ ಧರೆ. ನಮ್ಮ ಅಡುಗೆಮನೆಯ ಹಿಂಬಾಗಿಲಿಂದ ನಾಲ್ಕು ಹೆಜ್ಜೆಗೆ ಆಳೆತ್ತರದ ಧರೆ ಇದೆ. ಬೆಳಿಗ್ಗೆ ಸ್ವಲ್ಪ ಹೊತ್ತು ಬಿಸಿಲು ತಾಗುತ್ತದೆ, ಆಮೇಲೆ ದಿನವಿಡೀ ಹಲಸಿನ ಮರದ ನೆರಳು. ಮೃಗಶಿರಾ ಮಳೆ ಹಿಡಿದು ಹತ್ತು ದಿನ ಕಳೆಯುವುದರೊಳಗೆ ಆ ಬೋಳು ಮಣ್ಣಿನಿಂದ ಕಡ್ಡಿಯ ತುದಿಗೆ ಸುತ್ತಿಕೊಂಡ ಪುಟ್ಟ ಸುರುಳಿಗಳು ಹೊರಬರುತ್ತವೆ. ಪುಷ್ಯ ಮಳೆಯ ಹೊತ್ತಿಗೆ ಧರೆ ಪೂರ್ತಿ ಹಸಿರು. ಅದು ಹಂಸಪಾದಿ, ಒಂದು ಬಗೆಯ ಜರೀಗಿಡ (ಫರ್ನ್).

ಹಿಂದಿನ ವರ್ಷ ಕಳೆ ತೆಗೆಯಲು ಬಂದ ಅಕ್ಕ ಕತ್ತಿ ಹಿಡಿದು ಕೇಳಿದರು, "ಅಮ್ಮಾ, ಧರೆ ಹೆರೆಯೋವಾಗ ಇದ್ನೂ ಹೆರ್ದುಬಿಡ್ಲಾ?" ಬೇಡ ಅಂದೆ. ಯಾಕೆ ಬೇಡ ಎಂದು ಹೇಳುವಷ್ಟು ಈ ಗಿಡದ ಬಗ್ಗೆ ನನಗೆ ತಿಳಿದದ್ದು ಅದನ್ನು ಬೀಜಾಣುವಿನಿಂದ, ಅಂದರೆ ಎಲೆಯ ಅಡಿಯಿಂದ ಉದುರುವ ಧೂಳಿನಂಥ ಕಣದಿಂದ, ಬೆಳೆಸಿದ ಮೇಲೆ. ಕಿತ್ತು ತಂದು ಕುಂಡಕ್ಕೆ ನೆಟ್ಟವರಿಗೆ ಜರೀಗಿಡ ಒಂದು ಅಲಂಕಾರ. ಧೂಳಿನಿಂದ ಗಿಡ ಎಬ್ಬಿಸಿದವರಿಗೆ ಅದಕ್ಕೆ ನೆರಳು ಯಾಕೆ ಬೇಕು, ಬೇಸಿಗೆಯಲ್ಲಿ ಯಾಕೆ ಮಾಯವಾಗುತ್ತದೆ, ನೀರು ಎಷ್ಟು ಸಾಕು ಎಲ್ಲವೂ ತಾನಾಗಿ ಅರ್ಥವಾಗುತ್ತದೆ. ಅದಕ್ಕೇ ಈ ದಾರಿ ವಿವರವಾಗಿ ಬರೆಯುತ್ತಿದ್ದೇನೆ. ಒಂದು ಮಳೆಗಾಲದಿಂದ ಮುಂದಿನ ಮಳೆಗಾಲದವರೆಗೆ ಸಮಯ ಹಿಡಿಯುತ್ತದೆ, ಖರ್ಚು ಮಾತ್ರ ಏನೂ ಇಲ್ಲ.

ಮೊದಲು ಗುರುತು

ಹಂಸಪಾದಿಯ ಸಸ್ಯಶಾಸ್ತ್ರೀಯ ಹೆಸರು ಅಡಿಯಾಂಟಮ್ ಫಿಲಿಪೆನ್ಸ್. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ ಇಟ್ಟದ್ದು. ಆಯುರ್ವೇದದ ಹಳೆಯ ಪುಸ್ತಕಗಳಲ್ಲಿ ಅಡಿಯಾಂಟಮ್ ಲುನುಲೇಟಮ್ ಎಂದೂ ಕಾಣಬಹುದು. ಲುನುಲೇಟಮ್ ಅಂದರೆ ಅರ್ಧಚಂದ್ರದಂಥದ್ದು, ಅಡಿಯಾಂಟಮ್ ಅಂದರೆ ಗ್ರೀಕ್ ಭಾಷೆಯಲ್ಲಿ ನೆನೆಯದ್ದು. ಎರಡೂ ಗಿಡಕ್ಕೆ ಒಪ್ಪುವ ಹೆಸರುಗಳೇ. ಮಳೆಯಲ್ಲಿ ನಿಂತು ನೋಡಿ: ಕೆಸುವಿನ ಎಲೆಯ ಮೇಲೆ ಉರುಳುವ ಹಾಗೆ ಹನಿಗಳು ಇದರ ಮೇಲೂ ಮುತ್ತಾಗಿ ಉರುಳಿ ಬೀಳುತ್ತವೆ, ಎಲೆ ಒದ್ದೆಯಾಗುವುದಿಲ್ಲ.

ಗಿಡವನ್ನು ಬುಡದಿಂದ ತುದಿಗೆ ಓದಿಕೊಂಡು ಹೋಗಿ. ಮಣ್ಣಿನೊಳಗೆ ಬೆರಳ ತುದಿಯಷ್ಟು ಚಿಕ್ಕ ಕಾಂಡ, ಅದರ ಮೈಗೆ ಕಪ್ಪು-ಕಂದು ಬಣ್ಣದ ಸಣ್ಣ ಹುರುಪೆಗಳು ಅಂಟಿಕೊಂಡಿರುತ್ತವೆ. ಈ ಕಾಂಡವೇ ಗಿಡದ ಜೀವ. ಮೇಲೆ ಕಾಣುವುದೆಲ್ಲ ಅದರ ಎಲೆಗಳು ಮಾತ್ರ. ಕಾಂಡದಿಂದ ಗುಂಪಾಗಿ ಏಳುವ ಕಡ್ಡಿಗಳು ತೆಳ್ಳಗೆ, ಎಣ್ಣೆ ಹಚ್ಚಿದ ಹಾಗೆ ಕಪ್ಪಾಗಿ ಹೊಳೆಯುತ್ತವೆ. ಬೆರಳಾಡಿಸಿದರೆ ರೋಮ ಸಿಗುವುದಿಲ್ಲ. ಕಡ್ಡಿಯ ಎರಡೂ ಬದಿಗೆ, ಒಂದರ ಎದುರು ಒಂದಲ್ಲದೆ, ಒಂದು ಮೇಲೆ ಒಂದು ಕೆಳಗೆ ಎಂಬಂತೆ ಅರ್ಧಚಂದ್ರದ ಎಸಳುಗಳು ಪುಟ್ಟ ತೊಟ್ಟಿನಿಂದ ತೂಗುತ್ತವೆ. ಎಸಳಿನ ಕೆಳಅಂಚು ನೇರ, ಮೇಲಂಚು ದುಂಡು, ಅಲ್ಲಲ್ಲಿ ಸೀಳು. ಬೆಳಕಿಗೆ ಹಿಡಿದರೆ ನಡುನರ ಕಾಣುವುದಿಲ್ಲ. ತೊಟ್ಟಿನ ಬಳಿಯಿಂದ ನರಗಳು ಕವಲೊಡೆಯುತ್ತಾ ಬೀಸಣಿಗೆಯ ಹಾಗೆ ಹರಡಿಕೊಳ್ಳುತ್ತವೆ. ಎಲೆಯ ತುದಿ ಬಾಲದಂತೆ ಉದ್ದವಾಗಿ ಬಾಗಿ ನೆಲ ಮುಟ್ಟಿದಲ್ಲಿ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಧರೆಯ ಮೇಲೆ ಹಂಸಪಾದಿ ಸಾಲುಸಾಲಾಗಿ ಇಳಿದಿರುವುದು ಹೀಗೆ, ಅಮ್ಮನ ಕೈ ಹಿಡಿದ ಮಕ್ಕಳ ಹಾಗೆ.

ತಪ್ಪು ಗುರುತಿಗೆ ಮೂರು ಗಿಡಗಳು ದಾರಿ ಮಾಡುತ್ತವೆ. ಎಸಳುಗಳಿಗೆ ತೊಟ್ಟೇ ಇಲ್ಲದೆ, ಕಡ್ಡಿಯ ತುಂಬ ಕಂದು ರೋಮ ಇದ್ದರೆ ಅದು ಅಡಿಯಾಂಟಮ್ ಕಾಡೇಟಮ್, ಇದರದೇ ಬಂಧು, ಅದೂ ತುದಿಯಿಂದ ಬೇರು ಬಿಡುತ್ತದೆ. ನರ್ಸರಿಯಲ್ಲಿ ಹೆಚ್ಚಾಗಿ ಸಿಗುವುದು, ಕೊತ್ತಂಬರಿ ಸೊಪ್ಪಿನಂತೆ ನಾಲ್ಕು ಸುತ್ತು ಕವಲೊಡೆದು ಪುಟಾಣಿ ಎಸಳು ತುಂಬಿದ್ದು, ದಕ್ಷಿಣ ಅಮೆರಿಕದ ಅಡಿಯಾಂಟಮ್ ರಾಡಿಯಾನಮ್. ಮೂರನೆಯದು ನಾವೆಲ್ಲ ಚಿಕ್ಕವರಿದ್ದಾಗ ಶಾಲೆಗೆ ಹೋಗುವ ದಾರಿಯಲ್ಲಿ ಕಿತ್ತು ಕೈಗೆ ಬಡಿದುಕೊಂಡು ಬಿಳಿ ಅಚ್ಚು ಮೂಡಿಸುತ್ತಿದ್ದ ಬೆಳ್ಳಿ ಜರಿ. ಅದೂ ಅಮೆರಿಕ ಖಂಡದಿಂದ ಬಂದು ನಮ್ಮ ಘಟ್ಟದ ರಸ್ತೆ ಬದಿಗೆ ಒಗ್ಗಿದ್ದು. ಅದರ ಎಲೆ ಬೇರೆಯೇ ಆಕಾರ. ಆದರೆ ಕಡ್ಡಿ ಇದರಂತೆಯೇ ಕಪ್ಪಗಿರುವುದರಿಂದ ಗೊಂದಲವಾಗುತ್ತದೆ.

ಎಲೆ ಆರಿಸುವುದು

ಮಘಾ ಮಳೆಯಿಂದ ಹಸ್ತಾ ಮಳೆಯವರೆಗೆ, ಅಂದರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ, ಬೀಜಾಣು ಬಲಿತ ಎಲೆ ಸಿಗುತ್ತದೆ. ನಿಮ್ಮದೇ ತೋಟದ, ಮನೆಯ ಅಥವಾ ಒಪ್ಪಿಗೆ ಕೊಟ್ಟ ನೆರೆಯವರ ಧರೆಯಿಂದ ಒಂದೇ ಒಂದು ಎಲೆ ಸಾಕು. ಭದ್ರಾ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನ ಅಥವಾ ಬಿಸಿಲೆ ಕಡೆಯ ಮೀಸಲು ಅರಣ್ಯದಿಂದ ಏನನ್ನೂ ಕೀಳಬೇಡಿ. ಅದು ಕಾನೂನಿಗೂ ವಿರುದ್ಧ, ಕಿತ್ತ ಗಿಡ ಬದುಕುವುದೂ ಕಷ್ಟ.

ಎಸಳನ್ನು ಮಗುಚಿ ನೋಡಿ. ದುಂಡಗಿನ ಅಂಚು ಅಲ್ಲಲ್ಲಿ ಒಳಕ್ಕೆ ಮಡಚಿಕೊಂಡಿರುತ್ತದೆ, ಸೆರಗಿನ ಅಂಚನ್ನು ಮಡಿಚಿ ಹೊಲಿದ ಹಾಗೆ. ಬೇರೆ ಜರೀಗಿಡಗಳಲ್ಲಿ ಎಲೆಯ ಅಡಿಗೆ ಕಂದು ಚುಕ್ಕೆಗಳು ಕಾಣುತ್ತವಲ್ಲ, ಬೀಜಾಣುಚೀಲಗಳ ಗುಂಪು, ಅದು ಇಲ್ಲಿ ಈ ಮಡಿಕೆಯ ಒಳಮೈಗೇ ಅಂಟಿಕೊಂಡಿರುತ್ತದೆ. ಅಡಿಯಾಂಟಮ್ ಕುಲದ ಗುರುತೇ ಇದು. ಮಡಿಕೆ ಇನ್ನೂ ಹಸಿರಾಗಿದ್ದರೆ ಎಳಸು. ಕಂದಾಗಿ, ಅಂಚಿನಿಂದ ಹೊಳೆಯುವ ಕಪ್ಪು-ಕಂದು ಕಾಳು ಇಣುಕುತ್ತಿದ್ದರೆ ಹದ. ಒಣಗಿ ಹರಕಲಾಗಿದ್ದರೆ ಬೀಜಾಣು ಆಗಲೇ ಹಾರಿಹೋಗಿದೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಇದ್ದರೆ ಒಳ್ಳೆಯದು.

ಧೂಳು ಬೀಳಿಸುವುದು

ಕಿತ್ತ ಎಲೆಯನ್ನು ತೊಳೆದು, ಜಾಡಿಸಿ, ನೀರು ಆರಿದ ಮೇಲೆ ನುಣುಪಾದ ಬಿಳಿ ಕಾಗದದ ಮೇಲೆ ಅಡಿಮೈ ಕೆಳಗಾಗಿ ಇಡಿ. ಮೇಲೆ ಇನ್ನೊಂದು ಕಾಗದ ಮುಚ್ಚಿ, ನಾಲ್ಕೂ ಅಂಚು ಮಡಿಚಿ ಪೊಟ್ಟಣ ಮಾಡಿ. ಗಾಳಿಯಾಡದ, ಒಣಗಿದ ಜಾಗದಲ್ಲಿ ಎರಡು ಮೂರು ದಿನ. ಮಳೆಗಾಲದ ನಮ್ಮ ಮನೆಗಳಲ್ಲಿ ಒಣಗಿದ ಜಾಗ ಅಂದರೆ ಒಲೆಯ ಹತ್ತಿರದ ಗೂಡು. ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರ ಇಡಬೇಡಿ, ಬೂಷ್ಟು ಹಿಡಿಯುತ್ತದೆ.

ಆ ಪೊಟ್ಟಣದೊಳಗೆ ನಡೆಯುವುದನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕು. ಒಂದು ಎಸಳನ್ನು ಮಡಿಕೆ ಮೇಲಾಗಿ ಇಟ್ಟು, ಟೇಬಲ್ ಲ್ಯಾಂಪಿನ ಬಿಸಿ ತಾಗಿಸಿ, ಭೂತಗನ್ನಡಿ ಹಿಡಿಯಿರಿ. ಪ್ರತಿ ಬೀಜಾಣುಚೀಲವೂ ತೊಟ್ಟಿನ ಮೇಲಿನ ಪುಟ್ಟ ಗುಂಡು. ಅದರ ಬೆನ್ನ ಮೇಲೆ ದಪ್ಪ ಗೋಡೆಯ ಕೋಶಗಳ ಒಂದು ಪಟ್ಟಿ ಇರುತ್ತದೆ. ಒಣಗುತ್ತಾ ಹೋದ ಹಾಗೆ ಆ ಕೋಶಗಳೊಳಗಿನ ನೀರು ಕಡಿಮೆಯಾಗಿ ಪಟ್ಟಿ ನಿಧಾನಕ್ಕೆ ಹಿಂದಕ್ಕೆ ಬಾಗುತ್ತದೆ, ಚೀಲ ಬಾಯಿ ಬಿಡುತ್ತದೆ. ಬಾಗಿ ಬಾಗಿ ಇನ್ನು ಆಗದು ಅನ್ನುವಾಗ ಒಳಗಿನ ನೀರು ಕಡಿದು ಗುಳ್ಳೆಯಾಗಿ, ಪಟ್ಟಿ ಚಟ್ಟನೆ ಮೊದಲ ಜಾಗಕ್ಕೆ ಹಾರುತ್ತದೆ. ಕವಣೆಯಿಂದ ಕಲ್ಲು ಎಸೆದ ಹಾಗೆ ಬೀಜಾಣುಗಳು ಚೆಲ್ಲುತ್ತವೆ. ನಾನು ಮೊದಲ ಸಲ ನೋಡಿದ ದಿನ ಒಲೆಯ ಮೇಲಿನ ಹಾಲು ಉಕ್ಕಿದ್ದು ಗೊತ್ತಾಗಲಿಲ್ಲ.

ಪೊಟ್ಟಣ ಬಿಚ್ಚಿದಾಗ ಎಲೆಯ ಆಕಾರದಲ್ಲೇ ಕಂದು ಧೂಳು ಬಿದ್ದಿರುತ್ತದೆ. ಅದರಲ್ಲಿ ಬೀಜಾಣು ಅರ್ಧ, ಚೀಲದ ಸಿಪ್ಪೆ ಅರ್ಧ. ಸಿಪ್ಪೆ ಹೋದರೆ ಬೂಷ್ಟಿನ ಕಾಟ ಅರ್ಧ ಹೋಯಿತು. ಕಾಗದವನ್ನು ಮೊರದ ಹಾಗೆ ಓರೆ ಹಿಡಿದು ಅಡಿಯಿಂದ ಬೆರಳಲ್ಲಿ ಮೆಲ್ಲಗೆ ತಟ್ಟಿ. ಹಗುರ ಸಿಪ್ಪೆ ಜಾರಿ ಕೆಳಗೆ ಹೋಗುತ್ತದೆ, ಬೀಜಾಣು ಕಾಗದಕ್ಕೆ ಅಂಟಿಕೊಂಡು ಉಳಿಯುತ್ತದೆ. ಅಕ್ಕಿ ಕೇರಿ ಗೊತ್ತಿದ್ದವರಿಗೆ ಇದನ್ನು ಕಲಿಸಬೇಕಿಲ್ಲ. ಬಿತ್ತಲು ಸಮಯವಿಲ್ಲದಿದ್ದರೆ ಕಾಗದದ ಪೊಟ್ಟಣದಲ್ಲೇ ದಿನಾಂಕ ಬರೆದು ಒಣಗಿದಲ್ಲಿ ಇಡಿ, ಕೆಲವು ತಿಂಗಳು ತಡೆಯುತ್ತದೆ.

ಪಾತ್ರೆ, ಹಾಸು, ಬಿತ್ತನೆ

ಬೇಕಾದದ್ದು ಬಿಗಿ ಮುಚ್ಚಳದ ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಒಡೆದ ಮಂಗಳೂರು ಹೆಂಚಿನ ಚೂರು, ಇಟ್ಟಿಗೆ ಪುಡಿ, ಕಾಫಿ ಗಿಡದ ಬುಡದಲ್ಲಿ ಕೊಳೆತು ಕಪ್ಪಾದ ದರಗಿನ (ಉದುರಿದ ಎಲೆಗಳ) ಮಣ್ಣು. ದರಗಿನ ಮಣ್ಣನ್ನು ಜರಡಿ ಹಿಡಿದು ಅದರ ಎರಡು ಪಾಲಿಗೆ ಇಟ್ಟಿಗೆ ಪುಡಿ ಒಂದು ಪಾಲು ಸೇರಿಸಿ. ಡಬ್ಬಿಯ ತಳಕ್ಕೆ ಹೆಂಚಿನ ಚೂರು, ಮೇಲೆ ಎರಡು ಬೆರಳು ದಪ್ಪ ಮಣ್ಣು.

ಆದರೆ ತುಂಬುವ ಮೊದಲು ಕುದಿಯುವ ನೀರು. ಈ ಹಂತ ಬಿಟ್ಟವರಿಗೆ ಡಬ್ಬಿಯ ತುಂಬ ಬೂಷ್ಟು, ಪಾಚಿ, ಯಾವುದೋ ಕಳೆಯ ಮೊಳಕೆ ಬರುತ್ತದೆ, ಹಂಸಪಾದಿ ಬರುವುದಿಲ್ಲ. ಮಣ್ಣನ್ನು ಬೇರೆ ಪಾತ್ರೆಯಲ್ಲಿ ಹಾಕಿ, ಕುದಿಯುವ ನೀರು ಸುರಿದು ಮುಚ್ಚಿ, ಆರಿದ ಮೇಲೆ ಇನ್ನೊಮ್ಮೆ ಹಾಗೇ ಮಾಡಿ, ನೀರು ಬಸಿದು ಡಬ್ಬಿಗೆ ತುಂಬಿ. ಡಬ್ಬಿ, ಮುಚ್ಚಳ, ಚೂರು ಎಲ್ಲವನ್ನೂ ಬಿಸಿನೀರಲ್ಲಿ ತೊಳೆದಿರಬೇಕು. ಮಣ್ಣು ಹಿಂಡಿದರೆ ಒಂದೆರಡು ಹನಿ ಬರುವಷ್ಟು ಒದ್ದೆ ಇರಲಿ, ನೀರು ನಿಲ್ಲಬಾರದು.

ಮಣ್ಣಿನ ಹದ ನೋಡಲು ಪುರುಸೊತ್ತಿಲ್ಲದವರಿಗೆ ಹಳೆಯ ಉಪಾಯವೊಂದಿದೆ. ಸುಟ್ಟ ಇಟ್ಟಿಗೆಯ ತುಂಡನ್ನು ಕುದಿಸಿ, ನೀರಿನ ತಟ್ಟೆಯಲ್ಲಿ ನಿಲ್ಲಿಸಿ, ಅದರ ತಲೆಯ ಮೇಲೆ ಬಿತ್ತಿ, ಗಾಜಿನ ಪಾತ್ರೆ ಕವುಚಿ ಹಾಕುವುದು. ಇಟ್ಟಿಗೆ ತನಗೆ ಬೇಕಾದ ನೀರನ್ನು ತಾನೇ ಕೆಳಗಿನಿಂದ ಎಳೆದುಕೊಳ್ಳುತ್ತದೆ.

ಮಣ್ಣು ಪೂರ್ತಿ ತಣ್ಣಗಾದ ಮೇಲೆ ಬೀಜಾಣುವಿದ್ದ ಕಾಗದವನ್ನು ಒಂದು ಗೇಣು ಮೇಲೆ ಹಿಡಿದು ಉಗುರಿನಿಂದ ತಟ್ಟಿ. ಬಿದ್ದದ್ದು ಕಣ್ಣಿಗೆ ಕಾಣಿಸಿತೆಂದರೆ ಹೆಚ್ಚಾಯಿತು ಎಂದರ್ಥ. ಮೇಲೆ ಮಣ್ಣು ಮುಚ್ಚುವಂತಿಲ್ಲ, ಮೊಳೆಯಲು ಬೆಳಕು ಬೇಕು. ತಕ್ಷಣ ಮುಚ್ಚಳ ಹಾಕಿ, ದಿನಾಂಕ ಬರೆದು, ಉತ್ತರದ ಕಿಟಕಿಯ ಬಳಿಯೋ ಬಿಸಿಲು ಬೀಳದ ಜಗಲಿಯಲ್ಲೋ ಇಡಿ. ನೇರ ಬಿಸಿಲು ಬಿದ್ದರೆ ಮುಚ್ಚಿದ ಡಬ್ಬಿ ಒಂದೇ ಮಧ್ಯಾಹ್ನದಲ್ಲಿ ಬೆಂದುಹೋಗುತ್ತದೆ.

ಮುಚ್ಚಳ ಹಾಕಿ ತಿಂಗಳುಗಟ್ಟಲೆ ಬಿಟ್ಟರೆ ಉಸಿರು ಕಟ್ಟುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನ ಜೊತೆ ಬಾಟಲಿಯಲ್ಲಿಟ್ಟು ಮುಚ್ಚಿದ. ಮಣ್ಣಿನಿಂದ ತಾನಾಗಿ ಒಂದು ಜರೀಗಿಡ ಎದ್ದಿತು. ಲಂಡನ್ನಿನ ಹೊಗೆಯಲ್ಲಿ ಅವನ ತೋಟದ ಜರೀಗಿಡಗಳು ಸಾಯುತ್ತಿದ್ದವು, ಬಾಟಲಿಯದು ಮಾತ್ರ ಬದುಕಿತು. ಆವಿಯಾದ ನೀರು ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೆ ಇಳಿಯುತ್ತಿತ್ತು. ಆಮೇಲೆ ಆ ಬಗೆಯ ಗಾಜಿನ ಪೆಟ್ಟಿಗೆಗಳಲ್ಲೇ ಚೀನಾದ ಚಹಾ ಸಸಿಗಳು ಹಡಗು ಹತ್ತಿ ಹಿಮಾಲಯದ ತಪ್ಪಲಿಗೆ ಬಂದವು. ನಿಮ್ಮ ಡಬ್ಬಿಯ ಮುಚ್ಚಳದ ಒಳಗೆ ಮಂಜು ಕಟ್ಟಿರುವವರೆಗೆ ನೀರು ಬೇಡ. ಮಂಜು ಕಾಣದಿದ್ದರೆ ಕುದಿಸಿ ಆರಿಸಿದ ಮಳೆನೀರನ್ನು ಸಿಂಪಡಿಸಿ ಮತ್ತೆ ಮುಚ್ಚಿ.

ಹಸಿರು ಹೃದಯ

ಎರಡರಿಂದ ನಾಲ್ಕು ವಾರಕ್ಕೆ ಮಣ್ಣಿನ ಮೇಲೆ ಪಾಚಿಯಂಥ ಹಸಿರು ಪೊರೆ. ಪಾಚಿಯೇ ಬಂತೆಂದು ಚೆಲ್ಲಬೇಡಿ! ಎರಡು ಮೂರು ತಿಂಗಳಾಗುವ ಹೊತ್ತಿಗೆ ಅದು ಬಿಡಿಬಿಡಿಯಾಗಿ, ಬೆರಳುಗುರಿನ ಅರ್ಧದಷ್ಟು ಹರಡಿದ ಹೃದಯದಾಕಾರದ ಹಾಳೆಗಳಾಗುತ್ತದೆ. ಪ್ರೋಥ್ಯಾಲಸ್ ಎಂದು ಪಿಯುಸಿಯಲ್ಲಿ ಓದಿದ್ದು ಇದನ್ನೇ. ಬೇರಿಲ್ಲ, ಕಾಂಡವಿಲ್ಲ, ಅಡಿಯಲ್ಲಿ ಕೂದಲಿನಂಥ ಎಳೆಗಳಷ್ಟೇ. ನೀರು ಹಿಡಿದಿಡುವ ಚರ್ಮವೂ ಇಲ್ಲದಂಥ, ಒಂದು ಗಂಟೆಯ ಒಣಗಾಳಿಗೆ ಮುದುಡಿ ಹೋಗುವ ಮೈ. ಜರೀಗಿಡಕ್ಕೆ ನೆರಳೂ ತೇವವೂ ಯಾಕೆ ಬೇಕೆಂಬುದಕ್ಕೆ ಉತ್ತರ ಇಲ್ಲೇ ಇದೆ. ದೊಡ್ಡ ಗಿಡ ಹೇಗೋ ತಡೆದುಕೊಂಡೀತು, ಈ ಹಾಳೆ ತಡೆಯದು.

ಸಾಮಾನ್ಯವಾಗಿ ಜರೀಗಿಡಗಳಲ್ಲಿ ಈ ಹಾಳೆಯ ಅಡಿಮೈಯಲ್ಲಿ ಗಂಡು, ಹೆಣ್ಣು ಅಂಗಗಳು ಬರುತ್ತವೆ. ಗಂಡುಕೋಶ ನೀರಿನ ತೆಳು ಪದರದಲ್ಲಿ ಈಜಿ ಹೆಣ್ಣುಕೋಶ ಸೇರಿದರೆ ಗಿಡ ಹುಟ್ಟುತ್ತದೆ. ಹೂ ಇಲ್ಲ, ಕಾಯಿ ಇಲ್ಲ, ದುಂಬಿ ಬೇಕಿಲ್ಲ, ಒಂದು ಹನಿ ನೀರು ಬೇಕು. ಹಂಸಪಾದಿಯ ವಿಶೇಷವೇನೆಂದರೆ, ನಮ್ಮ ದೇಶದಲ್ಲಿ ಇದರ ಅನೇಕ ಗಿಡಗಳು ಈ ಕೂಡುವಿಕೆಯನ್ನೇ ಬಿಟ್ಟುಬಿಟ್ಟಿವೆ. ಹಾಳೆಯ ಮೈಯಿಂದ ನೇರವಾಗಿ ಮರಿಗಿಡ ಮೂಡುತ್ತದೆ. ಅಂಥ ಗಿಡಗಳ ಒಂದೊಂದು ಬೀಜಾಣುಚೀಲದಲ್ಲಿ ಸಾಮಾನ್ಯವಾಗಿ ಇರುವ 64 ಬೀಜಾಣುಗಳ ಬದಲು 32 ಇರುತ್ತವೆ. ನೀರು ಎಂದು ಬತ್ತುವುದೋ ಗೊತ್ತಿಲ್ಲದ ಧರೆಯ ಮೇಲೆ ಬದುಕುವ ಗಿಡಕ್ಕೆ ಇದು ಎಷ್ಟು ಅನುಕೂಲ, ಯೋಚಿಸಿ. ನಿಮ್ಮ ಧರೆಯ ಗಿಡ ಯಾವ ಬಗೆಯದೆಂದು ಮೈಕ್ರೋಸ್ಕೋಪ್ ಇಲ್ಲದೆ ತಿಳಿಯುವುದು ಕಷ್ಟ. ಹಾಗಾಗಿ ಹೃದಯಗಳು ಬಲಿತ ಮೇಲೆ ವಾರಕ್ಕೊಮ್ಮೆ ಸಿಂಪಡಿಸುವುದನ್ನು ತಪ್ಪಿಸಬೇಡಿ, ಎರಡೂ ಬಗೆಗೆ ಅದು ಒಳ್ಳೆಯದೇ.

ಸೆಪ್ಟೆಂಬರ್ ಮಧ್ಯದಲ್ಲಿ ಬಿತ್ತಿದರೆ ಸಂಕ್ರಾಂತಿಯ ಆಸುಪಾಸಿಗೆ ಹೃದಯದ ಸೀಳಿನ ಬಳಿಯಿಂದ ಕಡ್ಡಿಯೊಂದು ಏಳುತ್ತದೆ, ತುದಿಗೆ ಒಂದೇ ಒಂದು ಪುಟ್ಟ ಬೀಸಣಿಗೆ. ದೊಡ್ಡ ಗಿಡದ ಎಲೆಗೂ ಅದಕ್ಕೂ ಹೋಲಿಕೆ ಇರುವುದಿಲ್ಲ. ನಾಲ್ಕನೆಯದೋ ಐದನೆಯದೋ ಎಲೆ ಬರುವವರೆಗೆ ಕಾಯಿರಿ.

ಬೂಷ್ಟು ಕಂಡರೆ ಆ ಜಾಗವನ್ನು ಚಮಚದಿಂದ ಅಗಲವಾಗಿ ಎತ್ತಿ ಬಿಸಾಡಿ, ಮುಚ್ಚಳ ಒಂದು ಗಂಟೆ ಸ್ವಲ್ಪ ತೆರೆದಿಡಿ. ತೋಟಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ-ಸುಣ್ಣದ ಔಷಧಿ) ಹೊಡೆಯುವ ದಿನ ಡಬ್ಬಿಯನ್ನು ಮನೆಯೊಳಗೆ ತೆಗೆದಿಡಿ.

ಕುಂಡಕ್ಕೆ

ಮರಿಗಳು ಬೆರಳುದ್ದವಾದಾಗ, ಸುಮಾರು ಮಾರ್ಚ್-ಏಪ್ರಿಲ್‌ನಲ್ಲಿ, ಮುಚ್ಚಳವನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚು ಹೊತ್ತು ತೆರೆದು ಎರಡು ವಾರ ಹೊರಗಾಳಿಗೆ ರೂಢಿ ಮಾಡಿಸಿ. ಒಂದೊಂದೇ ಮರಿ ಬಿಡಿಸಲು ಹೋಗಬೇಡಿ, ಐದಾರರ ಗುಂಪನ್ನು ಮಣ್ಣಿನ ಸಮೇತ ಎತ್ತಿ ತೂತಿರುವ ಅಗಲ ಬಾಯಿಯ ಮಣ್ಣಿನ ಕುಂಡಕ್ಕೆ ಇಡಿ. ಮಣ್ಣಿಗೆ ಎರಡು ಪಾಲು ದರಗಿನ ಮಣ್ಣು, ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಜಂಬಿಟ್ಟಿಗೆ ಅಥವಾ ಇಟ್ಟಿಗೆಯ ಸಣ್ಣ ಚೂರು. ಹಸಿ ಸಗಣಿ, ಯೂರಿಯಾ ಹತ್ತಿರ ತರಬೇಡಿ. ಕಾಂಡದ ತಲೆ ಮಣ್ಣಿನ ಮಟ್ಟಕ್ಕಿರಲಿ, ಹೂತರೆ ಕೊಳೆಯುತ್ತದೆ.

ನೆರಳಿನ ಹದ ನೋಡಲು ಮಧ್ಯಾಹ್ನ ಕುಂಡದ ಮೇಲೆ ಕೈ ಹಿಡಿಯಿರಿ. ಕೈಯ ನೆರಳು ಬೆರಳು ಬೆರಳಾಗಿ ಸ್ಪಷ್ಟವಾಗಿ ಬಿದ್ದರೆ ಬಿಸಿಲು ಹೆಚ್ಚು. ಮಸುಕಾಗಿ ಬಿದ್ದರೆ ಸರಿ. ನೆರಳೇ ಬೀಳದಷ್ಟು ಕತ್ತಲೆಯಾದರೂ ಗಿಡ ಸೊರಗುತ್ತದೆ. ಮರಗಸಿ ಮಾಡಿಸಿದ (ನೆರಳಿನ ಮರಗಳ ಕೊಂಬೆ ಸವರಿಸಿದ) ವರ್ಷ ಈ ಪರೀಕ್ಷೆ ಮತ್ತೊಮ್ಮೆ ಮಾಡಿ, ನಿನ್ನೆ ನೆರಳಿದ್ದ ಜಾಗದಲ್ಲಿ ಇವತ್ತು ಬಿಸಿಲು ಕೂತಿರುತ್ತದೆ.

ಮಳೆಗಾಲದಲ್ಲಿ ಬಸವನಹುಳು ಒಂದೇ ರಾತ್ರಿಯಲ್ಲಿ ಸುರುಳಿಗಳನ್ನೆಲ್ಲ ಮುಗಿಸುತ್ತದೆ. ಟಾರ್ಚ್ ಹಿಡಿದು ಕೈಯಲ್ಲೇ ಆರಿಸುವುದು ನನ್ನ ಪದ್ಧತಿ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಗಾಳಿಯಲ್ಲೇ ತೇವ ಇರುವುದರಿಂದ ಮಳೆಗಾಲದಲ್ಲಿ ನೀರು ಕೊಡುವ ಕೆಲಸವೇ ಇಲ್ಲ. ಅರಸೀಕೆರೆ, ಕಡೂರಿನಂಥ ಬಯಲುಸೀಮೆಯವರು ಕುಂಡವನ್ನು ಒದ್ದೆ ಜಲ್ಲಿಕಲ್ಲಿನ ತಟ್ಟೆಯ ಮೇಲಿಡಿ, ಬೋರ್‌ವೆಲ್ ನೀರಿನ ಬದಲು ಹಿಡಿದಿಟ್ಟ ಮಳೆನೀರು ಬಳಸಿ.

ಬೇಸಿಗೆಯ ನಿದ್ದೆ

ಮೊದಲ ಬೇಸಿಗೆಯಲ್ಲಿ ಮರಿಗಳನ್ನು ಒಣಗಲು ಬಿಡಬೇಡಿ, ಕಾಂಡ ಇನ್ನೂ ಬಲಿತಿರುವುದಿಲ್ಲ. ಎರಡನೆಯ ವರ್ಷದಿಂದ ಬೇರೆ ಕಥೆ. ಸ್ವಾತಿ ಮಳೆ ಮುಗಿದು ಚಳಿ ಕಚ್ಚುವಾಗ ಎಸಳುಗಳು ಹಳದಿಯಾಗಿ ಉದುರುತ್ತವೆ, ಕಾಫಿ ಕೊಯ್ಲಿನ ಹೊತ್ತಿಗೆ ಕಪ್ಪು ಕಡ್ಡಿಗಳಷ್ಟೇ ಉಳಿಯುತ್ತವೆ. ನನ್ನ ಮೊದಲ ಕುಂಡ ಹಾಗಾದಾಗ ಇನ್ನಷ್ಟು ನೀರು ಹಾಕಿದೆ, ಗೊಬ್ಬರ ಹಾಕಿದೆ, ಮಾರ್ಚ್‌ನಲ್ಲಿ ಸತ್ತೇಹೋಯಿತೆಂದು ಬಾಳೆಯ ಬುಡಕ್ಕೆ ಮಣ್ಣು ಸುರಿದೆ. ಜೂನ್‌ನಲ್ಲಿ ಆ ಬಾಳೆಯ ಬುಡದಲ್ಲಿ ಏಳು ಸುರುಳಿ ಎದ್ದಿದ್ದವು. ಹಂಸಪಾದಿ ಒಣಗಾಲವನ್ನು ಮಣ್ಣೊಳಗೆ ಮಲಗಿ ಕಳೆಯುವ ಗಿಡ. ಒಣ ಕಡ್ಡಿಗಳನ್ನು ಎಳೆಯದೆ ಕತ್ತರಿಸಿ, ಕುಂಡವನ್ನು ನೆರಳಿಗೆ ಸರಿಸಿ, ಹತ್ತು ಹದಿನೈದು ದಿನಕ್ಕೊಮ್ಮೆ ಒಂದು ಲೋಟ ನೀರು ಕೊಡಿ. ಗೊಬ್ಬರ ಬೇಡವೇ ಬೇಡ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಬಿದ್ದು ಒಂದೆರಡು ಸುರುಳಿ ಎದ್ದರೂ ನಂಬಿ ನೀರು ಸುರಿಯಬೇಡಿ, ಮೇ ಕೊನೆಯವರೆಗೆ ಕೈ ಬಿಗಿ ಇರಲಿ.

ಧರೆಗೆ ಮರಳಿಸುವುದು

ಕುಂಡದ ಗಿಡ ಬಾಲ ಬಿಡತೊಡಗಿದ ಮೇಲೆ ಮುಂದಿನ ಗಿಡಗಳಿಗೆ ಡಬ್ಬಿ ಬೇಕಿಲ್ಲ. ಬಾಲದ ತುದಿಯನ್ನು ಪಕ್ಕದ ಕುಂಡದ ಒದ್ದೆ ಮಣ್ಣಿಗೆ ತಾಗಿಸಿ ಚಿಕ್ಕ ಕಲ್ಲು ಹೇರಿ. ತುದಿಯಿಂದ ಹೊಸ ಸುರುಳಿ ಬಂದು ಎರಡು ಎಲೆಯಾದ ಮೇಲೆ ಕತ್ತರಿಸಿ ಬೇರೆ ಮಾಡಿ.

ಹೀಗೆ ಆದ ಗಿಡಗಳನ್ನು ಕಳೆನಾಶಕ ಹೊಡೆದು ಬೋಳಾದ ಧರೆಗೆ ನೆಡಬಹುದು. ಆರಿದ್ರಾ ಮಳೆಯ ಮೊದಲ ವಾರ ಒಳ್ಳೆಯ ಕಾಲ. ಧರೆಯಲ್ಲಿ ಕತ್ತಿಯ ಮೊನೆಯಿಂದ ಒಳಕ್ಕೆ, ಸ್ವಲ್ಪ ಕೆಳಮುಖವಾಗಿ, ನಾಲ್ಕು ಬೆರಳು ಆಳದ ಗೂಡು ತೋಡಿ. ನೇರ ತೋಡಿದರೆ ಮಳೆನೀರು ಮಣ್ಣನ್ನು ತೊಳೆದೊಯ್ಯುತ್ತದೆ. ಗೂಡಿನ ತಳಕ್ಕೆ ಒಂದು ಹಿಡಿ ದರಗಿನ ಮಣ್ಣು, ಅದರ ಮೇಲೆ ಬೇರಿನ ಮುದ್ದೆ, ಬಾಯಿಗೆ ಸುತ್ತಲಿನ ಹಾವಸೆಯ (ಪಾಚಿಯ) ಒಂದು ಹೆಕ್ಕಳೆ ಒತ್ತಿ. ಗೂಡಿಂದ ಗೂಡಿಗೆ ಎರಡು ಗೇಣು ಬಿಡಿ. ಕೆಳಸಾಲು ಬೇಡ, ಮೇಲಿನಿಂದ ನೆಟ್ಟುಕೊಂಡು ಬನ್ನಿ, ಬಾಲ ಬಿಟ್ಟು ಅದೇ ಕೆಳಗಿಳಿಯುತ್ತದೆ. ಮೂರು ವಾರದ ನಂತರ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಮಣ್ಣು ಬಿಗಿಯಾಗಿ ಹಿಡಿದುಕೊಂಡಿದ್ದರೆ ಬೇರು ಇಳಿದಿದೆ. ನಮ್ಮ ಹಿಂಬದಿಯ ಧರೆಯಲ್ಲಿ ಹೀಗೆ ನೆಟ್ಟ ಹದಿನೆಂಟರಲ್ಲಿ ಹನ್ನೊಂದು ಹಿಡಿದವು. ಈ ವರ್ಷ ಕಳೆ ತೆಗೆಯಲು ಬಂದ ಅಕ್ಕ ಆ ಕಡೆ ಕತ್ತಿ ಹಾಕಲಿಲ್ಲ, ಹೋಗುವಾಗ ಎರಡು ಮರಿಯನ್ನು ತೆಂಗಿನ ಚಿಪ್ಪಿನಲ್ಲಿ ಮಣ್ಣಿನ ಸಮೇತ ಕೇಳಿ ಪಡೆದುಕೊಂಡು ಹೋದರು.